ಅಂಗಚಲನೆ ಮತ್ತು ಅವಧಾನ: ಸೆಗ್ವಿನ್‌ನಿಂದ ಮಾಂಟೆಸ್ಸೊರಿಯವರೆಗೆ

ಮಾಂಟೆಸ್ಸೊರಿ ಶಾಲೆಗಳಲ್ಲಿ ನೆಲದ ಮೇಲೆ ಅಂಡಾಕಾರದ ಗೆರೆಯೊಂದನ್ನು ಎಳೆದಿರುವುದುಂಟು. ಮಗು ಒಂದು ಪಾದದ ಹಿಮ್ಮಡಿಯನ್ನು ಮತ್ತೊಂದರ ತುದಿಗೆ ತಾಗಿಸುತ್ತ ಅದರ ಮೇಲೆ ನಡೆಯುತ್ತದೆ. ಅಭ್ಯಾಸವಾದ ಮೇಲೆ ನೀರು ತುಂಬಿದ ಲೋಟವನ್ನು ತುಳುಕಿಸದೆ, ಗಂಟೆಯನ್ನು ಸದ್ದಾಗಗೊಡದೆ ಒಯ್ಯುತ್ತದೆ. ನೋಡುವವರಿಗೆ ಇದೊಂದು ಆಟ. ಇದರ ಮೂಲವನ್ನು ಅರಸಹೊರಟರೆ ಮಾತ್ರ ನಾವು ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನ ಆಸ್ಪತ್ರೆಗಳನ್ನು ಹೊಗಬೇಕಾಗುತ್ತದೆ.

ಇಟಾರ್ಡನ ಶಿಷ್ಯನಾದ ಎಡ್ವರ್ಡ್ ಸೆಗ್ವಿನ್ (೧೮೧೨–೧೮೮೦) ಅಲ್ಲಿ, ಕಲಿಯಲಾರದವರೆಂದು ಸಮಾಜವು ಕೈಬಿಟ್ಟಿದ್ದ ಮಂದಮತಿ ಮಕ್ಕಳ ಶಿಕ್ಷಣವನ್ನು ಕೈಗೊಂಡನು. ೧೮೪೬ರಲ್ಲಿ ಫ್ರೆಂಚಿನಲ್ಲಿಯೂ, ಅಮೆರಿಕಕ್ಕೆ ವಲಸೆಹೋದ ಬಳಿಕ ೧೮೬೬ರಲ್ಲಿ ಇಂಗ್ಲಿಷಿನಲ್ಲಿಯೂ ಅವನು ಪ್ರಕಟಿಸಿದ ಗ್ರಂಥಗಳಲ್ಲಿ ಶಿಕ್ಷಣವು ಸ್ನಾಯುಗಳಿಂದ ಇಂದ್ರಿಯಗಳಿಗೆ, ಇಂದ್ರಿಯಗಳಿಂದ ಪರಿಕಲ್ಪನೆಗಳಿಗೆ ಸಾಗುತ್ತದೆ. ನೆಲದ ಮೇಲೆ ಮಲಗಿಸಿದ ಏಣಿಯ ಮೆಟ್ಟಿಲುಗಳ ನಡುವೆ ಕಾಲಿಡುವುದು, ಗುರುತುಮಾಡಿದ ಹೆಜ್ಜೆಯಚ್ಚುಗಳ ಮೇಲೆ ಪಾದವನ್ನು ಊರುವುದು – ಇಂಥವು ಅವನ ಪಾಠಗಳು. ಇವನ್ನು ಮೈಕಸುವು ಬೆಳೆಸುವ ಕಸರತ್ತೆಂದೆಣಿಸಿದರೆ ಅವುಗಳ ಮರ್ಮವೇ ತಪ್ಪಿಹೋಗುತ್ತದೆ. ಅಚ್ಚಿನ ಮೇಲೆ ಕಾಲಿಡಬೇಕಾದರೆ ಕಣ್ಣು ಅದನ್ನು ಹುಡುಕಬೇಕು, ಮನಸ್ಸು ನಿಶ್ಚಯಿಸಬೇಕು, ಕಾಲು ಆ ನಿಶ್ಚಯಕ್ಕೆ ಒಳಪಡಬೇಕು. ಅಲೆದಾಡುವ ಚಿತ್ತವು ಒಂದೆಡೆ ನಿಲ್ಲುವುದು ಆ ಕ್ಷಣದಲ್ಲಿ.

ರೋಮಿನಲ್ಲಿ ೧೮೯೬ರಲ್ಲಿ ವೈದ್ಯಪದವಿ ಪಡೆದ ಮರಿಯಾ ಮಾಂಟೆಸ್ಸೊರಿಯವರು ಇಟಾರ್ಡ್, ಸೆಗ್ವಿನ್‌ರ ಬರೆಹಗಳನ್ನು ತಮ್ಮ ಕೈಯಿಂದಲೇ ಇಟಾಲಿಯನ್ ಭಾಷೆಗೆ ಬರೆದುಕೊಂಡರು. ೧೯೦೭ರಲ್ಲಿ ಸ್ಯಾನ್ ಲೊರೆಂಜೊ ಬಡಾವಣೆಯಲ್ಲಿ ತೆರೆದ ಶಿಶುಗೃಹದಲ್ಲಿ ಅದೇ ತತ್ತ್ವವನ್ನು ಸಾಮಾನ್ಯ ಮಕ್ಕಳಿಗೂ ಅನ್ವಯಿಸಿದರು. ಆದರೆ ಇದು ಕೇವಲ ಅನುಕರಣವಲ್ಲ. ಸೆಗ್ವಿನ್‌ನಲ್ಲಿ ಆಜ್ಞೆ ಗುರುವಿನದು. ಮಾಂಟೆಸ್ಸೊರಿಯವರಲ್ಲಿ ಕೆಲಸವನ್ನು ಆಯ್ದುಕೊಳ್ಳುವುದೂ ಮತ್ತೆ ಮತ್ತೆ ಮಾಡುವುದೂ ಮಗುವಿಗೆ ಸೇರಿದ್ದು. ನಮ್ಮಲ್ಲಿ ಅವರ ಉಪಕರಣಗಳ ಕುರಿತು ಬರೆದಷ್ಟು ಈ ವ್ಯತ್ಯಾಸವನ್ನು ಕುರಿತು ಬರೆದಂತಿಲ್ಲ. ೧೯೩೯ರಲ್ಲಿ ಅವರು ಮದರಾಸಿನ ಅಡಯಾರಿಗೆ ಬಂದು ಉಪಾಧ್ಯಾಯರಿಗೆ ಶಿಕ್ಷಣವಿತ್ತುದರಿಂದ ಈ ಪದ್ಧತಿ ಭಾರತದಲ್ಲಿ ಇನ್ನಷ್ಟು ಹರಡಿತು.

ಅಂಗಚಲನೆಯಿಂದ ಮಿದುಳನ್ನೇ ತಿದ್ದಬಹುದೆಂದು ಫಿಲಡೆಲ್ಫಿಯದ ಡೋಮನ್ ಮತ್ತು ಡೆಲಕಾಟೊ ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಸಾರಿದರು. ಅವರನ್ನು ಸೆಗ್ವಿನ್‌ನ ಪರಂಪರೆಗೆ ಸೇರಿಸುವುದು ಸರಿಯೆಂದು ನನಗೆ ತೋರುವುದಿಲ್ಲ. ಅವರ ಮುಖ್ಯ ಅಭ್ಯಾಸದಲ್ಲಿ ಮಗುವಿನ ಕೈಕಾಲುಗಳನ್ನು ಹಿರಿಯರು ಹಿಡಿದು ಆಡಿಸುತ್ತಿದ್ದರು. ಮಗುವಿನ ಸಂಕಲ್ಪಕ್ಕೆ ಅಲ್ಲಿ ಎಡೆಯಿರಲಿಲ್ಲ. ಅದರ ಪ್ರಯೋಜನವು ಸಿದ್ಧವಾಗಿಲ್ಲವೆಂದು ಅಮೆರಿಕದ ಶಿಶುವೈದ್ಯರ ಅಕಾಡೆಮಿ ೧೯೮೨ರಲ್ಲಿಯೂ ೧೯೯೯ರಲ್ಲಿಯೂ ಘೋಷಿಸಿತು. ಸೆಗ್ವಿನ್‌ನಿಗಾದರೂ ಆಧಾರವಾಗಿದ್ದುದು ತನ್ನ ವೀಕ್ಷಣೆಯೇ ಹೊರತು ಇಂದಿನ ಅರ್ಥದ ಪ್ರಯೋಗಪರೀಕ್ಷೆಯಲ್ಲವೆಂಬುದನ್ನು ಇಲ್ಲಿ ಮರೆಯುವಂತಿಲ್ಲ.