ಗೇಮಿಂಗ್ ಮೌಸ್

ಗೇಮಿಂಗ್ ಮೌಸ್ ಎಂಬುದು ಗಣಕಯಂತ್ರದ ಆಟಗಳಿಗಾಗಿ ವಿಶೇಷವಾಗಿ ರೂಪಿಸಲಾದ ಮೌಸ್. ಸಾಮಾನ್ಯ ಮೌಸ್‌ನಂತೆಯೇ ಇದೂ ಕೈಯ ಚಲನೆಯನ್ನು ಪರದೆಯ ಮೇಲಿನ ಸೂಚಕದ ಚಲನೆಯಾಗಿ ಮಾರ್ಪಡಿಸುವ ಇನ್‌ಪುಟ್ ಸಾಧನ. ಆದರೆ ಇದನ್ನು ಗಂಟೆಗಟ್ಟಲೆ ಎಡೆಬಿಡದೆ ಬಳಸಲಾಗುತ್ತದೆ. ಒಂದೇ ದಿನದಲ್ಲಿ ಸಾವಿರಾರು ಬಾರಿ ಗುಂಡಿ ಒತ್ತಲಾಗುತ್ತದೆ. ಆದ್ದರಿಂದ ಕೈಗೆ ಹಿತವಾಗಿರುವುದು ಮತ್ತು ಬಹುಕಾಲ ಬಾಳುವುದು ಇದರ ಎರಡು ಮುಖ್ಯ ಗುಣಗಳೆನಿಸಿವೆ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಮುದ್ರಿತವಾಗಿರುವ ಡಿಪಿಐ ಸಂಖ್ಯೆಗೂ ಈ ಎರಡು ಗುಣಗಳಿಗೂ ನೇರ ಸಂಬಂಧವಿಲ್ಲ. ಹಿತವು ಮೌಸ್‌ನ ಆಕಾರ, ಅಳತೆ ಮತ್ತು ತೂಕವನ್ನು ಅವಲಂಬಿಸಿದೆ. ಬಾಳಿಕೆಯು ಸ್ವಿಚ್ಚು, ಕೇಬಲ್ ಮತ್ತು ಹೊರಲೇಪನವನ್ನು ಅವಲಂಬಿಸಿದೆ. ಕರ್ನಾಟಕದ ಕರಾವಳಿಯಂತಹ ತೇವಾಂಶ ಹೆಚ್ಚಿರುವ ಪ್ರದೇಶಗಳಲ್ಲಿ ಹವಾಮಾನವೂ ಬಾಳಿಕೆಯ ಮೇಲೆ ಪರಿಣಾಮ ಬೀರುತ್ತದೆ.

ಇತಿಹಾಸ

ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಡಗ್ಲಾಸ್ ಎಂಗೆಲ್‌ಬಾರ್ಟ್ ಅವರ ಕಲ್ಪನೆಯಂತೆ ಬಿಲ್ ಇಂಗ್ಲಿಷ್ ಅವರು 1964ರಲ್ಲಿ ಮೊದಲ ಮೌಸನ್ನು ನಿರ್ಮಿಸಿದರು. ಅದು ಮರದ ಕವಚವನ್ನೂ ಪರಸ್ಪರ ಲಂಬವಾಗಿದ್ದ ಎರಡು ಚಕ್ರಗಳನ್ನೂ ಹೊಂದಿತ್ತು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದರ ಸಾರ್ವಜನಿಕ ಪ್ರಾತ್ಯಕ್ಷಿಕೆ ನಡೆಯಿತು. ಮುಂದೆ ಚಕ್ರಗಳ ಸ್ಥಾನಕ್ಕೆ ಉರುಳುವ ಚೆಂಡು ಬಂದಿತು. ಚೆಂಡಿಗೆ ಅಂಟಿಕೊಳ್ಳುವ ಧೂಳು ಒಳಗಿನ ಉರುಳೆಗಳಲ್ಲಿ ಸಂಗ್ರಹವಾಗುತ್ತಿದ್ದುದರಿಂದ ಅದನ್ನು ಆಗಾಗ ಬಿಚ್ಚಿ ಸ್ವಚ್ಛಗೊಳಿಸಬೇಕಾಗುತ್ತಿತ್ತು.

1999ರಲ್ಲಿ ಎರಡು ಮಹತ್ವದ ಬೆಳವಣಿಗೆಗಳಾದವು. ಮೈಕ್ರೋಸಾಫ್ಟ್ ಕಂಪನಿಯು ಬೆಳಕಿನ ಸಂವೇದಕವುಳ್ಳ ಇಂಟೆಲಿಮೌಸ್ ಎಕ್ಸ್‌ಪ್ಲೋರರ್ ಎಂಬ ಮೌಸನ್ನು ಬಿಡುಗಡೆ ಮಾಡಿತು. ಅದೇ ವರ್ಷ ಬಂದ ರೇಜರ್ ಬೂಮ್‌ಸ್ಲ್ಯಾಂಗ್, ಆಟಗಾರರಿಗೆಂದೇ ಮಾರಾಟವಾದ ಮೊದಲ ಮೌಸ್ ಎಂದು ಪರಿಗಣಿತವಾಗಿದೆ. ಬಳಿಕ ಕೌಂಟರ್-ಸ್ಟ್ರೈಕ್, ಡೋಟಾ 2, ವ್ಯಾಲೊರಂಟ್ ಮೊದಲಾದ ಆಟಗಳ ಜನಪ್ರಿಯತೆಯೊಂದಿಗೆ ಇಂತಹ ಮೌಸ್‌ಗಳ ಬಳಕೆಯೂ ಹೆಚ್ಚಿತು. 2022ರ ಡಿಸೆಂಬರ್‌ನಲ್ಲಿ ಭಾರತ ಸರ್ಕಾರವು ಇ-ಕ್ರೀಡೆಯನ್ನು ಬಹುಕ್ರೀಡಾಕೂಟಗಳ ಭಾಗವಾಗಿ ಮಾನ್ಯಮಾಡಿತು. 2023ರಲ್ಲಿ ಹಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಕ್ರೀಡೆಗೆ ಪದಕಗಳನ್ನು ನೀಡಲಾಯಿತು.

ಸಂವೇದಕ ಮತ್ತು ಅದರ ಸಂಖ್ಯೆಗಳು

ಇಂದಿನ ಮೌಸ್‌ನ ತಳದಲ್ಲಿ ಒಂದು ಸಣ್ಣ ದೀಪ ಅಥವಾ ಲೇಸರ್ ಮತ್ತು ಪುಟ್ಟ ಕ್ಯಾಮೆರಾದಂತಹ ಸಂವೇದಕವಿರುತ್ತದೆ. ಅದು ಮೇಲ್ಮೈಯ ಚಿತ್ರಗಳನ್ನು ಸೆಕೆಂಡಿಗೆ ಸಾವಿರಾರು ಬಾರಿ ತೆಗೆದು, ಒಂದರೊಡನೊಂದನ್ನು ಹೋಲಿಸಿ, ಮೌಸ್ ಯಾವ ದಿಕ್ಕಿಗೆ ಎಷ್ಟು ಸರಿಯಿತೆಂಬುದನ್ನು ಲೆಕ್ಕಹಾಕುತ್ತದೆ. ನುಣುಪಾದ ಗಾಜಿನ ಮೇಲೆ ಗುರುತಿಸಬಹುದಾದ ವಿವರಗಳು ಕಡಿಮೆಯಿರುವುದರಿಂದ ಅಲ್ಲಿ ಅನೇಕ ಸಂವೇದಕಗಳು ತಪ್ಪುತ್ತವೆ.

ಡಿಪಿಐ: ಮೌಸ್ ಒಂದು ಅಂಗುಲ ಸರಿದಾಗ ಸಂವೇದಕವು ಎಣಿಸುವ ಹೆಜ್ಜೆಗಳ ಸಂಖ್ಯೆಯನ್ನು ರೂಢಿಯಲ್ಲಿ ಡಿಪಿಐ ಎನ್ನುತ್ತಾರೆ. 800 ಡಿಪಿಐ ಇರುವಾಗ, ಗಣಕಯಂತ್ರದ ವೇಗದ ಹೊಂದಾಣಿಕೆಯನ್ನು ಬದಲಿಸದಿದ್ದರೆ, 1920 ಬಿಂದುಗಳ ಅಗಲದ ಪರದೆಯನ್ನು ದಾಟಲು ಕೈ 2.4 ಅಂಗುಲ, ಅಂದರೆ ಸುಮಾರು 6 ಸೆಂ.ಮೀ. ಸರಿಯಬೇಕು. 1600 ಡಿಪಿಐಯಲ್ಲಿ 3 ಸೆಂ.ಮೀ. ಸಾಕು. 20,000 ಡಿಪಿಐಯಲ್ಲಿ 2.5 ಮಿ.ಮೀ.ಗಿಂತ ಕಡಿಮೆ ಚಲನೆಗೇ ಸೂಚಕವು ಪರದೆಯ ಅಂಚಿಗೆ ಹೋಗುತ್ತದೆ. ಅಷ್ಟು ಸೂಕ್ಷ್ಮವಾಗಿ ಕೈಯನ್ನು ನಿಯಂತ್ರಿಸುವುದು ಕಷ್ಟ. ಗುರಿಯಿಡುವ ಆಟಗಳ ಅನೇಕ ಆಟಗಾರರು 400ರಿಂದ 1600ರ ನಡುವಿನ ಡಿಪಿಐಯನ್ನೇ ಬಳಸುತ್ತಾರೆ. ಆದ್ದರಿಂದ ಹೆಚ್ಚಿನ ಡಿಪಿಐಗಾಗಿ ಹೆಚ್ಚು ಬೆಲೆ ತೆರುವುದರಿಂದ ವಿಶೇಷ ಪ್ರಯೋಜನವಿಲ್ಲ.

ಪೋಲಿಂಗ್ ದರ: ಮೌಸ್ ತನ್ನ ಸ್ಥಿತಿಯನ್ನು ಗಣಕಯಂತ್ರಕ್ಕೆ ಸೆಕೆಂಡಿಗೆ ಎಷ್ಟು ಬಾರಿ ತಿಳಿಸುತ್ತದೆ ಎಂಬುದನ್ನು ಇದು ಸೂಚಿಸುತ್ತದೆ. ಸಾಮಾನ್ಯ ಯುಎಸ್‌ಬಿ ಮೌಸ್‌ನಲ್ಲಿ ಇದು 125 ಹರ್ಟ್ಜ್, ಅಂದರೆ 8 ಮಿಲಿಸೆಕೆಂಡಿಗೊಮ್ಮೆ. ಗೇಮಿಂಗ್ ಮೌಸ್‌ನಲ್ಲಿ ಸಾಮಾನ್ಯವಾಗಿ 1000 ಹರ್ಟ್ಜ್, ಅಂದರೆ 1 ಮಿಲಿಸೆಕೆಂಡಿಗೊಮ್ಮೆ.

ಕೈಯ ಅಳತೆ ಮತ್ತು ಹಿಡಿತ

ಮೌಸ್ ಹಿಡಿಯುವ ರೀತಿಯನ್ನು ಸ್ಥೂಲವಾಗಿ ಮೂರಾಗಿ ವಿಂಗಡಿಸಲಾಗುತ್ತದೆ.

ಅಂಗೈ ಹಿಡಿತ: ಇಡೀ ಅಂಗೈ ಮೌಸ್‌ನ ಬೆನ್ನಿನ ಮೇಲೆ ಒರಗಿರುತ್ತದೆ. ಇದಕ್ಕೆ ಉದ್ದವಾದ, ಬೆನ್ನು ಉಬ್ಬಿದ ಮೌಸ್ ಒಗ್ಗುತ್ತದೆ. ದೀರ್ಘಕಾಲದ ಆಟಕ್ಕೆ ಇದು ವಿಶ್ರಾಂತವಾದ ಹಿಡಿತ.

ಪಂಜದ ಹಿಡಿತ: ಅಂಗೈಯ ಹಿಂಭಾಗ ಮಾತ್ರ ಮೌಸನ್ನು ತಾಗುತ್ತದೆ, ಬೆರಳುಗಳು ಬಾಗಿ ನಿಂತಿರುತ್ತವೆ. ಮಧ್ಯಮ ಗಾತ್ರದ ಮೌಸ್ ಸೂಕ್ತ.

ಬೆರಳ ತುದಿಯ ಹಿಡಿತ: ಅಂಗೈ ಮೌಸನ್ನು ತಾಗುವುದೇ ಇಲ್ಲ. ಚಿಕ್ಕದಾದ, ಹಗುರವಾದ ಮೌಸ್ ಇದಕ್ಕೆ ಬೇಕು.

ಕೈಯ ಉದ್ದವನ್ನು ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿಯವರೆಗೆ ಅಳೆಯುತ್ತಾರೆ. ಮೌಸ್‌ನ ಉದ್ದವು ಕೈಯ ಉದ್ದದ ಸುಮಾರು ಶೇಕಡಾ 60ರಷ್ಟಿರಬೇಕೆಂಬುದು ಆಟಗಾರರಲ್ಲಿ ರೂಢಿಯಲ್ಲಿರುವ ಲೆಕ್ಕ. ಇದರಂತೆ 18 ಸೆಂ.ಮೀ. ಉದ್ದದ ಕೈಗೆ ಸುಮಾರು 11 ಸೆಂ.ಮೀ. ಉದ್ದದ ಮೌಸ್ ಹೊಂದುತ್ತದೆ. ಅಂಗೈ ಹಿಡಿತದವರಿಗೆ ಇನ್ನೂ ಸ್ವಲ್ಪ ಉದ್ದವಾದುದು ಬೇಕಾಗಬಹುದು. ಬಲಗೈಗೆಂದೇ ಬಾಗಿಸಿದ ಮೌಸ್ ಎಡಗೈಯವರಿಗೆ ಹೊಂದುವುದಿಲ್ಲ. ಅಂತಹವರಿಗೆ ಎರಡೂ ಬದಿ ಸಮನಾಗಿರುವ ಆಕಾರವೇ ಯೋಗ್ಯ. ಆದರೆ ಇಂತಹ ಕೆಲವು ಮೌಸ್‌ಗಳಲ್ಲಿಯೂ ಪಕ್ಕದ ಗುಂಡಿಗಳು ಎಡಬದಿಯಲ್ಲಿ ಮಾತ್ರ ಇರುತ್ತವೆ.

ಬಾಳಿಕೆ

ಸ್ವಿಚ್ಚುಗಳು: ಗೇಮಿಂಗ್ ಮೌಸ್‌ನಲ್ಲಿ ಹೆಚ್ಚಾಗಿ ಕಂಡುಬರುವ ದೋಷ ಎಂದರೆ ಒಮ್ಮೆ ಒತ್ತಿದಾಗ ಎರಡು ಕ್ಲಿಕ್ ದಾಖಲಾಗುವುದು. ಯಾಂತ್ರಿಕ ಸ್ವಿಚ್ಚಿನ ಒಳಗಿನ ತೆಳುವಾದ ಲೋಹದ ಪಟ್ಟಿ ಸವೆದಾಗ ಅಥವಾ ಅದರ ಸ್ಪರ್ಶಬಿಂದುವಿನಲ್ಲಿ ಆಕ್ಸೈಡಿನ ಪದರ ಉಂಟಾದಾಗ ಇದು ಸಂಭವಿಸುತ್ತದೆ. ತಯಾರಕರು ಸ್ವಿಚ್ಚಿನ ಆಯುಷ್ಯವನ್ನು 2 ಕೋಟಿ, 5 ಕೋಟಿ ಕ್ಲಿಕ್ಕುಗಳೆಂದು ನಮೂದಿಸುತ್ತಾರೆ. ದಿನಕ್ಕೆ 10,000 ಕ್ಲಿಕ್ಕಿನಂತೆ 2 ಕೋಟಿ ಕ್ಲಿಕ್ಕುಗಳು ಮುಗಿಯಲು 2,000 ದಿನ, ಅಂದರೆ ಸುಮಾರು ಐದೂವರೆ ವರ್ಷ ಬೇಕು. ಆದರೆ ಈ ಎಣಿಕೆ ನಿಯಂತ್ರಿತ ಪರಿಸ್ಥಿತಿಯ ಪರೀಕ್ಷೆಗೆ ಸಂಬಂಧಿಸಿದ್ದು. ತೇವ ಮತ್ತು ಧೂಳಿನ ನಡುವೆ ದೋಷ ಅದಕ್ಕಿಂತ ಮೊದಲೇ ಕಾಣಿಸಿಕೊಳ್ಳಬಹುದು. ಬೆಳಕಿನ ಕಿರಣದಿಂದ ಕೆಲಸ ಮಾಡುವ ಆಪ್ಟಿಕಲ್ ಸ್ವಿಚ್ಚುಗಳಲ್ಲಿ ವಿದ್ಯುತ್ತಿನ ಲೋಹಸ್ಪರ್ಶವಿಲ್ಲದ ಕಾರಣ ಈ ದೋಷ ಬಾಧಿಸುವುದಿಲ್ಲ.

ಕೇಬಲ್: ತಂತಿಯುಳ್ಳ ಮೌಸ್‌ನಲ್ಲಿ ಕೇಬಲ್ ಮೌಸ್‌ನಿಂದ ಹೊರಬರುವ ಜಾಗವೇ ದುರ್ಬಲ. ಪದೇ ಪದೇ ಬಾಗುವುದರಿಂದ ಒಳಗಿನ ಎಳೆಗಳು ಅಲ್ಲಿ ತುಂಡಾಗುತ್ತವೆ. ಮೌಸ್‌ಗೆ ಬಿಗಿಯಾಗಿ ಸುತ್ತಿಡುವುದು ಇದನ್ನು ತ್ವರಿತಗೊಳಿಸುತ್ತದೆ.

ಹೊರಲೇಪನ: ಹಿಡಿತಕ್ಕಾಗಿ ಬಳಿಯುವ ರಬ್ಬರಿನಂತಹ ಮೃದುಲೇಪನವು ಹೊಸದರಲ್ಲಿ ಹಿತವೆನಿಸಿದರೂ ಕೆಲವು ವರ್ಷಗಳಲ್ಲಿ ಅಂಟಂಟಾಗುವುದುಂಟು. ಪಾಲಿಯುರಿಥೇನ್ ಲೇಪನವು ಶಾಖ ಮತ್ತು ತೇವಾಂಶದಿಂದ ವಿಘಟನೆಗೊಳ್ಳುವುದೇ ಇದಕ್ಕೆ ಕಾರಣ. ಲೇಪನವಿಲ್ಲದ, ಒರಟು ಮೇಲ್ಮೈಯ ಗಟ್ಟಿ ಪ್ಲಾಸ್ಟಿಕ್ಕಿನ ಕವಚ ಹೆಚ್ಚು ಕಾಲ ಬಾಳುತ್ತದೆ.

ಕರಾವಳಿಯ ಹವಾಮಾನದಲ್ಲಿ ಬಳಕೆ

ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಬಂಟ್ವಾಳ ತಾಲೂಕಿನ ಕಲ್ಲಡ್ಕ, ವಿಟ್ಲ ಹಾಗೂ ನೆರೆಯ ಬೆಳ್ತಂಗಡಿ, ಮೂಡುಬಿದಿರೆ ಪ್ರದೇಶಗಳಲ್ಲಿ ಈ ತಿಂಗಳುಗಳಲ್ಲಿ ಒಗೆದ ಬಟ್ಟೆ ದಿನಗಟ್ಟಲೆ ಒಣಗುವುದಿಲ್ಲ. ಪುಸ್ತಕಗಳಿಗೆ, ಚರ್ಮದ ವಸ್ತುಗಳಿಗೆ ಬೂಷ್ಟು ಹಿಡಿಯುತ್ತದೆ. ಅದೇ ತೇವಾಂಶವು ಮೌಸ್‌ನ ಸ್ವಿಚ್ಚು ಮತ್ತು ಲೇಪನಗಳ ಮೇಲೂ ಪರಿಣಾಮ ಬೀರುತ್ತದೆ. ಬಟ್ಟೆಯ ಮೌಸ್ ಪ್ಯಾಡ್ ತೇವ ಹೀರಿಕೊಂಡಾಗ ಮೌಸ್‌ನ ಸರಿದಾಟವೂ ನಿಧಾನವಾಗುತ್ತದೆ.

ಇಂತಹ ಪ್ರದೇಶಗಳಲ್ಲಿ ಮೃದುಲೇಪನವಿಲ್ಲದ ಕವಚ ಮತ್ತು ಆಪ್ಟಿಕಲ್ ಸ್ವಿಚ್ಚುಗಳಿಗೆ ಆದ್ಯತೆ ನೀಡುವುದು ಸೂಕ್ತ. ತೂಕ ತಗ್ಗಿಸಲು ಕವಚದಲ್ಲಿ ಜೇನುಗೂಡಿನಂತೆ ರಂಧ್ರಗಳನ್ನು ಬಿಟ್ಟಿರುವ ಮೌಸ್‌ಗಳ ಒಳಕ್ಕೆ ಬೆವರು, ಧೂಳು ಸುಲಭವಾಗಿ ಸೇರುತ್ತವೆ. ಮಳೆಗಾಲದಲ್ಲಿ ಬಹುದಿನ ಬಳಸದೆ ಇಡುವ ಮೌಸನ್ನು ಸಿಲಿಕಾ ಜೆಲ್ ಪೊಟ್ಟಣದೊಡನೆ ಮುಚ್ಚಿದ ಡಬ್ಬಿಯಲ್ಲಿ ಇಡಬಹುದು. ಅಂಟಾಗಿರುವ ಲೇಪನವನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ ತೆಗೆಯಬಹುದು. ದ್ರವವು ಸಂವೇದಕದ ಮಸೂರಕ್ಕೆ ಅಥವಾ ಗುಂಡಿಗಳ ಸಂದಿಗೆ ಇಳಿಯಬಾರದು.

ತಂತಿ ಮತ್ತು ನಿಸ್ತಂತು

ತಂತಿಯುಳ್ಳ ಮೌಸ್ ಅಗ್ಗ. ಅದಕ್ಕೆ ಬ್ಯಾಟರಿಯ ಚಿಂತೆಯಿಲ್ಲ. 2.4 ಗಿಗಾಹರ್ಟ್ಜ್ ಗ್ರಾಹಕದೊಡನೆ ಬರುವ ಉತ್ತಮ ನಿಸ್ತಂತು ಮೌಸ್‌ಗಳು ವೇಗದಲ್ಲಿ ತಂತಿಯ ಮೌಸ್‌ಗೆ ಸರಿಸಮವಾಗಿವೆ. ಬ್ಲೂಟೂತ್ ಸಂಪರ್ಕವು ಕಚೇರಿ ಕೆಲಸಕ್ಕೆ ಸಾಕಾದರೂ ವೇಗದ ಆಟಗಳಿಗೆ ನಿಧಾನ. ಮರುಪೂರಣದ ಬ್ಯಾಟರಿಯ ಶಕ್ತಿ ವರ್ಷಗಳು ಕಳೆದಂತೆ ಕುಗ್ಗುವುದರಿಂದ, ಬದಲಿಸಬಹುದಾದ ಸೆಲ್ ಬಳಸುವ ಮೌಸ್ ದೀರ್ಘಾವಧಿಯಲ್ಲಿ ಅನುಕೂಲಕರ.

ಖರೀದಿ ಮತ್ತು ಗ್ರಾಹಕರ ಹಕ್ಕು

ಕೈಯಲ್ಲಿ ಹಿಡಿದು ನೋಡದೆ ಹಿತವನ್ನು ನಿರ್ಣಯಿಸುವುದು ಕಷ್ಟ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಗಣಕಯಂತ್ರ ಮಾರುಕಟ್ಟೆಗಳಲ್ಲಿ ಹಲವು ಮಾದರಿಗಳನ್ನು ಒಟ್ಟಿಗೆ ನೋಡಬಹುದು. ಚಿಕ್ಕ ಊರುಗಳವರು ಆನ್‌ಲೈನ್‌ನಲ್ಲಿ ಕೊಳ್ಳುವಾಗ ಉದ್ದ, ಅಗಲ, ಎತ್ತರ ಮತ್ತು ತೂಕವನ್ನು ತಮ್ಮ ಹಳೆಯ ಮೌಸ್‌ನ ಅಳತೆಯೊಂದಿಗೆ ಹೋಲಿಸುವುದು, ಹಿಂದಿರುಗಿಸುವ ನಿಯಮಗಳನ್ನು ಓದಿಕೊಳ್ಳುವುದು ಉಪಯುಕ್ತ.

ಭಾರತದಲ್ಲಿ ಮಾರಾಟವಾಗುವ ಆಮದು ವಸ್ತುವಿನ ಪೊಟ್ಟಣದ ಮೇಲೆ ಆಮದುದಾರರ ಹೆಸರು ಮತ್ತು ವಿಳಾಸ, ಗರಿಷ್ಠ ಮಾರಾಟ ಬೆಲೆ, ಗ್ರಾಹಕ ಸೇವೆಯ ವಿವರ ಇರಬೇಕೆಂದು 2011ರ ಕಾನೂನು ಮಾಪನಶಾಸ್ತ್ರ ನಿಯಮಗಳು ವಿಧಿಸುತ್ತವೆ. ಈ ಚೀಟಿ ಇಲ್ಲದ ಮೌಸ್‌ಗೆ ಕಂಪನಿಯ ವಾರಂಟಿ ದೊರೆಯದಿರುವ ಸಾಧ್ಯತೆಯಿದೆ. ಎರಡು ಕ್ಲಿಕ್ ದಾಖಲಾಗುವ ದೋಷ ವಾರಂಟಿ ಅವಧಿಯಲ್ಲಿ ಕಾಣಿಸಿಕೊಂಡರೆ ಬಿಲ್ಲಿನೊಂದಿಗೆ ಬದಲಿ ಕೋರಬಹುದು. ಸ್ಪಂದನೆ ದೊರೆಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಂಪರ್ಕಿಸಬಹುದು. ಅವಧಿ ಮುಗಿದ ಬಳಿಕವೂ ಮೌಸನ್ನು ಎಸೆಯಬೇಕಾಗಿಲ್ಲ. ಬೆಸುಗೆ ಹಾಕಬಲ್ಲ ಎಲೆಕ್ಟ್ರಾನಿಕ್ಸ್ ದುರಸ್ತಿಗಾರರು ಅನೇಕ ಮಾದರಿಗಳ ಸ್ವಿಚ್ಚನ್ನು ಮಾತ್ರ ಬದಲಿಸಿಕೊಡಬಲ್ಲರು.

ಆರೋಗ್ಯ

ಒಂದೇ ಚಲನೆಯನ್ನು ದೀರ್ಘಕಾಲ ಪುನರಾವರ್ತಿಸುವುದರಿಂದ ಮಣಿಕಟ್ಟು, ಮುಂಗೈ ಮತ್ತು ಭುಜಗಳಲ್ಲಿ ನೋವು ಉಂಟಾಗಬಹುದು. ಮೊಣಕೈಯನ್ನು ಮೇಜಿನ ಮಟ್ಟದಲ್ಲಿ ಇರಿಸುವುದು, ಮಣಿಕಟ್ಟನ್ನು ಮೇಲಕ್ಕೆ ಬಾಗಿಸದೆ ನೇರವಾಗಿ ಇಡುವುದು, ನಡುನಡುವೆ ಎದ್ದು ಕೈಗಳಿಗೆ ವಿಶ್ರಾಂತಿ ನೀಡುವುದು ಅಗತ್ಯ. ಬೆರಳುಗಳಲ್ಲಿ ಜೋಮು ಅಥವಾ ರಾತ್ರಿಯ ನೋವು ಮುಂದುವರಿದರೆ ವೈದ್ಯರನ್ನು ಕಾಣಬೇಕು. ಎಷ್ಟೇ ಉತ್ತಮವಾದ ಮೌಸ್ ಕೂಡ ವಿಶ್ರಾಂತಿಗೆ ಬದಲಿಯಾಗಲಾರದು.

ವಿಲೇವಾರಿ

ಕೆಟ್ಟುಹೋದ ಮೌಸ್ ಇ-ತ್ಯಾಜ್ಯದ ವರ್ಗಕ್ಕೆ ಸೇರುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ಇಂತಹ ವಸ್ತುಗಳ ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಅದನ್ನು ಮನೆಯ ಕಸದೊಡನೆ ಸೇರಿಸದೆ, ಸುಡದೆ, ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಒಪ್ಪಿಸಬೇಕು. ನಿಸ್ತಂತು ಮೌಸ್‌ನ ಲಿಥಿಯಂ ಬ್ಯಾಟರಿ ಜಖಂಗೊಂಡರೆ ಬೆಂಕಿ ಹೊತ್ತಿಕೊಳ್ಳುವ ಅಪಾಯವಿರುವುದರಿಂದ ಈ ಎಚ್ಚರ ಇನ್ನಷ್ಟು ಮುಖ್ಯ.