ಹುಳುಮನೆಯ ಹೆಂಗಸರು

1799ರಲ್ಲಿ ಟಿಪ್ಪು ಮಡಿದ ಮೇಲೆ ಕೊಳ್ಳೇಗಾಲ ಬ್ರಿಟಿಷರ ಕೊಯಮತ್ತೂರು ಜಿಲ್ಲೆಯ ಪಾಲಾಯಿತು. ಪಕ್ಕದ ಯಳಂದೂರು ಮೈಸೂರಿನಲ್ಲೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರ ಜಹಗೀರಾಯಿತು. 1956ರವರೆಗೂ ನಡುವೆ ಗಡಿ. ಆದರೆ ಕೊಳ್ಳೇಗಾಲ, ಆಗ ಅದೇ ತಾಲ್ಲೂಕಿನಲ್ಲಿದ್ದ ಹನೂರು, ಆಚೆಯ ಯಳಂದೂರು, ಎಲ್ಲೆಡೆ ರೇಷ್ಮೆ ಹಿಡಿದ ಮನೆಗಳಲ್ಲಿ ಹೆಂಗಸರ ದುಡಿಮೆ ಒಂದೇ ತೆರನದು.

ಮೊಟ್ಟೆ ಒಡೆದ ಹುಳು ನಾಲ್ಕು ಜ್ವರ (ಪೊರೆ ಕಳಚುವ ಹಂತ) ದಾಟಿ ಗೂಡು ಕಟ್ಟಲು ಸುಮಾರು 25 ದಿನ ಬೇಕು. ತಿನ್ನುವ ಸೊಪ್ಪಿನಲ್ಲಿ ಶೇ. 80ಕ್ಕೂ ಹೆಚ್ಚು ನಾಲ್ಕನೇ ಜ್ವರದ ನಂತರದ ಒಂದೇ ವಾರದಲ್ಲಿ ಮುಗಿಯುತ್ತದೆ. ಆ ವಾರ ಹೆಂಗಸರಿಗೆ ನಿದ್ದೆಯಿಲ್ಲ. ಬೆಳಗಿನ ಜಾವವೇ ಗಿಡಕ್ಕೆ ಬಗ್ಗಿ ಸೊಪ್ಪು ಕೊಯ್ಯಬೇಕು, ಹೊರೆ ಹೊರಬೇಕು, ರಾತ್ರಿ ಎದ್ದು ಮತ್ತೆ ಸೊಪ್ಪು ಹಾಕಬೇಕು. ಸೊಂಟ ಹಿಡಿದರೂ ಹುಳು ಕಾಯುವುದಿಲ್ಲ.

ಬಹುಪಾಲು ಕಡೆ ಹುಳುಮನೆ ಎಂದರೆ ವಾಸದ ಮನೆಯೇ. ಬೆಳೆ ಇಳಿದ ಮೇಲೆ ರೋಗ ತಡೆಯಲು ಫಾರ್ಮಾಲಿನ್ ಸಿಂಪಡಿಸಿದ್ದೂ ಅಲ್ಲೇ, ಅಡುಗೆ ಮಾಡಿ ಮಗು ಮಲಗಿಸಿದ್ದೂ ಅಲ್ಲೇ. ಫಾರ್ಮಾಲಿನ್‌ನಲ್ಲಿರುವ ಫಾರ್ಮಾಲ್ಡಿಹೈಡ್ ಮನುಷ್ಯರಿಗೆ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ತೀರ್ಮಾನಿಸಿತು. ಕಣ್ಣುರಿ, ಗಂಟಲುರಿ ಏನೆಂದು ಹೆಂಗಸರಿಗೆ ಅದಕ್ಕೂ ಮೊದಲೇ ಗೊತ್ತಿತ್ತು. 1980ರಲ್ಲಿ ರೇಷ್ಮೆಹುಳುವನ್ನು ಕೊಲ್ಲುವ ಊಜಿ ನೊಣ ಕರ್ನಾಟಕಕ್ಕೆ ಬಂದ ಮೇಲೆ ಕಿಟಕಿ ಬಾಗಿಲಿಗೆ ನೈಲಾನ್ ಪರದೆ ಬಿತ್ತು. ಹುಳು ಉಳಿಯಿತು, ಒಳಗಿನ ಗಾಳಿಯಾಟ ಇನ್ನಷ್ಟು ಕುಗ್ಗಿತು.

ನೂಲು ಬಿಚ್ಚುವ ಕೆಲಸ ಇನ್ನೂ ಕಠಿಣ. ಚರಕದಲ್ಲಿ ಒಬ್ಬರು ರಾಟೆ ತಿರುಗಿಸಿದರೆ, ಇನ್ನೊಬ್ಬರು ಒಲೆಯ ಮೇಲಿನ ಬಿಸಿನೀರಿನಲ್ಲಿ ಕುದಿಯುವ ಗೂಡುಗಳಿಂದ ಎಳೆ ಹುಡುಕುತ್ತಾರೆ. ಬೆರಳ ಚರ್ಮ ಬೆಂದು ಬೊಬ್ಬೆ ಏಳುತ್ತದೆ. ಸೌದೆಯ ಹೊಗೆ, ಸತ್ತ ಹುಳುವಿನ ನಾತ, ಗೂಡಿನ ದೂಳು ಸೇರಿ ಉಸಿರಾಟ ಕೆಡಿಸುತ್ತವೆ. ರೇಷ್ಮೆಯ ದೂಳಿನಿಂದ ಅಸ್ತಮಾ ಬರುವುದು ವೈದ್ಯರಿಗೆ ತಿಳಿದ ಸಂಗತಿ.

ಕೊಳ್ಳೇಗಾಲದಲ್ಲೂ ಯಳಂದೂರು ತಾಲ್ಲೂಕಿನ ಮಾಂಬಳ್ಳಿಯಲ್ಲೂ ಸರ್ಕಾರಿ ರೇಷ್ಮೆ ಕಾರ್ಖಾನೆಗಳಿದ್ದವು. ಅಂಥ ಕಡೆ 1948ರ ಕಾರ್ಖಾನೆ ಕಾಯಿದೆ ಅನ್ವಯಿಸುತ್ತಿತ್ತು: ಪ್ರಥಮ ಚಿಕಿತ್ಸೆ, ಗಾಳಿ ಬೆಳಕು, 30ಕ್ಕಿಂತ ಹೆಚ್ಚು ಹೆಂಗಸರಿದ್ದರೆ ಕೂಸಿನ ಕೋಣೆ. ವಿದ್ಯುತ್ತಿಲ್ಲದ ಘಟಕದಲ್ಲಿ 20 ಜನರಾದರೂ ಇರಬೇಕೆಂಬುದು ಅದೇ ಕಾಯಿದೆಯ ಲೆಕ್ಕವಾಗಿತ್ತು. ಮೂರು ನಾಲ್ಕು ಮಂದಿಯ ಮನೆಯ ಚರಕ ಅದರೊಳಗೆ ಬರಲೇ ಇಲ್ಲ. ಬೆಂದ ಬೆರಳು ಅಲ್ಲಿ ಔದ್ಯೋಗಿಕ ಗಾಯವಾಗಿ ದಾಖಲಾಗಲಿಲ್ಲ, ಮನೆಗೆಲಸದ ನೋವಾಗಿಯೇ ಉಳಿಯಿತು. ಈ ಅನ್ಯಾಯ ಸಣ್ಣದಲ್ಲ.

ಈಚೆಗೆ ರೆಂಬೆ ಸಮೇತ ಸೊಪ್ಪು ಹಾಕುವ ಪದ್ಧತಿ ಬಂದು, ಹೆಚ್ಚಿ ಹಾಕುವ ಕೆಲಸ ತಗ್ಗಿದೆ. ಸಹಾಯಧನ ಪಡೆದು ಬೇರೆ ಹುಳುಮನೆ ಕಟ್ಟಿಸಿಕೊಂಡವರ ಅಡುಗೆಮನೆಯಿಂದ ಔಷಧಿಯ ವಾಸನೆ ದೂರವಾಗಿದೆ. ಅದಕ್ಕೆ ಜಾಗ ಬೇಕು, ಕೈಯಲ್ಲಿ ಹಣವೂ ಬೇಕು. ಎರಡೂ ಇಲ್ಲದ ಸಣ್ಣ ಹಿಡುವಳಿಯ ಮನೆಗಳಲ್ಲಿ ಹುಳು, ಒಲೆ, ಮಕ್ಕಳು ಈಗಲೂ ಒಂದೇ ಸೂರಿನಡಿ.