ಅಧ್ಯಾಯದ ಕೊನೆಯ ಲೆಕ್ಕ: ಕಾರ್ಪೊರೇಟ್ ಫೈನಾನ್ಸ್ ಪಠ್ಯಪುಸ್ತಕದ ಕಲಿಕಾ ಪರಿಕರಗಳ ಇತಿಹಾಸ

ಕಾರ್ಪೊರೇಟ್ ಫೈನಾನ್ಸ್‌ನ ಚರಿತ್ರೆಯನ್ನು ಸಾಮಾನ್ಯವಾಗಿ ಸಿದ್ಧಾಂತಗಳ ಚರಿತ್ರೆಯಾಗಿ ಬರೆಯುತ್ತಾರೆ. ಪಠ್ಯಪುಸ್ತಕವು ವಿದ್ಯಾರ್ಥಿಯ ಕೈಗೆ ಯಾವ ಕೆಲಸ ಕೊಟ್ಟಿತು ಎಂದು ಹುಡುಕಿದರೆ, ಈ ಶಾಸ್ತ್ರ ಬದಲಾದ ಬಗೆ ಇನ್ನೂ ಸ್ಪಷ್ಟವಾಗಿ ತಿಳಿಯುತ್ತದೆ ಎಂಬುದು ಇಲ್ಲಿನ ವಾದ.

1920ರಲ್ಲಿ ಹಾರ್ವರ್ಡ್‌ನ ಆರ್ಥರ್ ಸ್ಟೋನ್ ಡ್ಯೂಯಿಂಗ್ ಅವರ 'ದಿ ಫೈನಾನ್ಷಿಯಲ್ ಪಾಲಿಸಿ ಆಫ್ ಕಾರ್ಪೊರೇಷನ್ಸ್' ಐದು ಸಂಪುಟಗಳಲ್ಲಿ ಬಂತು. ಕಂಪನಿ ಹುಟ್ಟುವುದು, ಬೆಳೆಯುವುದು, ದಿವಾಳಿಯೆದ್ದು ಪುನರ್‌ರಚನೆಗೊಳ್ಳುವುದು ಅದರ ವಸ್ತು. ಅಮೆರಿಕದ ರೈಲ್ವೆ ಕಂಪನಿಗಳ ಕುಸಿತ ಇನ್ನೂ ಹಸಿಯಾಗಿದ್ದ ಕಾಲವದು. ನೀಳವಾದ ಅಡಿಟಿಪ್ಪಣಿಗಳಿಗೆ ಪುಸ್ತಕ ಹೆಸರಾಗಿತ್ತು. ವಿದ್ಯಾರ್ಥಿ ಓದಿ, ನಿದರ್ಶನಗಳನ್ನು ನೆನಪಿಡಬೇಕಿತ್ತು. ಅದೇ ಹಾರ್ವರ್ಡ್‌ನಲ್ಲಿ ವಾಲೇಸ್ ಡೊನ್ಹಮ್ 1919ರಲ್ಲಿ ಬಿಸಿನೆಸ್ ಸ್ಕೂಲಿನ ಡೀನ್ ಆದ ಮೇಲೆ, ಕಂಪನಿಯೊಂದರ ಸನ್ನಿವೇಶವನ್ನು ಮುಂದಿಟ್ಟು ವಿದ್ಯಾರ್ಥಿಯಿಂದಲೇ ತೀರ್ಮಾನ ಮಾಡಿಸುವ ಕೇಸ್ ಪದ್ಧತಿ ಬಲವಾಗಿ ಬೇರೂರಿತು.

ನಿಜವಾದ ತಿರುವು ಎರಡನೇ ಮಹಾಯುದ್ಧದ ನಂತರದ್ದು. ಜೋಯಲ್ ಡೀನ್ ಅವರ 'ಕ್ಯಾಪಿಟಲ್ ಬಜೆಟಿಂಗ್' 1951ರಲ್ಲಿ ಬಂತು. ಬಂಡವಾಳ ರಚನೆ ಕುರಿತ ಮೊಡಿಗ್ಲಿಯಾನಿ ಮತ್ತು ಮಿಲ್ಲರ್ ಅವರ ಪ್ರಬಂಧ 1958ರಲ್ಲಿ ಪ್ರಕಟವಾಯಿತು. ತೆರಿಗೆಯಿಲ್ಲದ ಆದರ್ಶ ಮಾರುಕಟ್ಟೆಯಲ್ಲಿ ಸಾಲ ಮತ್ತು ಷೇರಿನ ಪ್ರಮಾಣ ಕಂಪನಿಯ ಮೌಲ್ಯವನ್ನು ಬದಲಿಸದು ಎಂಬ ಮಾತನ್ನು ಬಾಯಿಪಾಠ ಮಾಡಿದರೆ ಸಾಲದು, ಲೆಕ್ಕ ಮಾಡಿಯೇ ಒಪ್ಪಬೇಕು. ಹೀಗೆ ಬಿಡಿಸಿ ತೋರಿಸಿದ ಉದಾಹರಣೆ, ಅಧ್ಯಾಯದ ಕೊನೆಯ ಸಮಸ್ಯೆಗಳು ಮತ್ತು ಹಿಂಬದಿಯ ಪ್ರಸ್ತುತ ಮೌಲ್ಯದ ಕೋಷ್ಟಕ ಪುಸ್ತಕದ ಬೆನ್ನೆಲುಬಾದವು.

ಆ ಕೋಷ್ಟಕವನ್ನು ನಾನು ಅನುಬಂಧವೆಂದು ತಳ್ಳಿಹಾಕಲಾರೆ. ಐದು ವರ್ಷ, ಪ್ರತಿ ವರ್ಷದ ಕೊನೆಗೆ 1,000 ರೂಪಾಯಿ ಬರುತ್ತದೆ, ಬಡ್ಡಿ ಶೇ. 10 ಎಂದರೆ, ವಿದ್ಯಾರ್ಥಿ ಐದನೇ ಸಾಲಿನ ಮೇಲೆ ಬೆರಳಿಟ್ಟು 3.791 ಎಂಬ ಅಂಕಿ ಕಂಡು ಅದರ ಇಂದಿನ ಮೌಲ್ಯ 3,791 ರೂಪಾಯಿ ಎನ್ನುತ್ತಿದ್ದ. ಬಲಕ್ಕೆ ಸರಿದಂತೆ ಬಡ್ಡಿ ಏರುತ್ತದೆ, ಅಂಕಿ ಕುಗ್ಗುತ್ತದೆ. ದರಕ್ಕೂ ಮೌಲ್ಯಕ್ಕೂ ಇರುವ ಈ ವಿಲೋಮ ಸಂಬಂಧ ವಿವರಣೆಗಿಂತ ಮೊದಲು ಕಣ್ಣಿಗೇ ದಕ್ಕುತ್ತಿತ್ತು. 1973ರ ಎಚ್‌ಪಿ-80 ಹಣಕಾಸು ಕ್ಯಾಲ್ಕುಲೇಟರ್ ಮತ್ತು 1979ರ ವಿಸಿಕ್ಯಾಲ್ಕ್ ಸ್ಪ್ರೆಡ್‌ಶೀಟ್ ಬಂದ ಮೇಲೆ ಕೋಷ್ಟಕ ಕ್ರಮೇಣ ಹಿಂದೆ ಸರಿಯಿತು. ಮಾರಾಟ ಕುಸಿದರೆ ಏನು, ಬಡ್ಡಿ ಏರಿದರೆ ಏನು ಎಂಬ ಪ್ರಶ್ನೆಗಳನ್ನು ಹತ್ತಾರು ಬಾರಿ ಕೇಳುವುದು ಸುಲಭವಾಯಿತು. ಲಾಭ ದೊಡ್ಡದೇ, ಆದರೆ ಅಂಕಿ ಹುಟ್ಟುವ ದಾರಿ ಮರೆಯಾದದ್ದೂ ನಿಜ.

1981ರಲ್ಲಿ ಬ್ರೀಲಿ ಮತ್ತು ಮೈಯರ್ಸ್ ಅವರ 'ಪ್ರಿನ್ಸಿಪಲ್ಸ್ ಆಫ್ ಕಾರ್ಪೊರೇಟ್ ಫೈನಾನ್ಸ್' ಬಂತು. ಫೈನಾನ್ಸ್ ಇನ್ನೂ ಉತ್ತರಿಸಲಾರದ ಹತ್ತು ಸಮಸ್ಯೆಗಳನ್ನು ಅದು ಕೊನೆಯ ಅಧ್ಯಾಯದಲ್ಲಿ ಮುಂದಿಡುತ್ತದೆ. ಪಠ್ಯಪುಸ್ತಕಗಳಲ್ಲಿ ಇಷ್ಟು ಪ್ರಾಮಾಣಿಕ ಪರಿಕರ ಅಪರೂಪ.

ಭಾರತಕ್ಕೆ ಕೇಸ್ ಪದ್ಧತಿ ಮತ್ತು ಲೆಕ್ಕದ ಪದ್ಧತಿ ಎಂಬ ಎರಡೂ ಪರಂಪರೆಗಳು ಒಟ್ಟಿಗೆ ಬಂದವು: 1961ರಲ್ಲಿ ಸ್ಥಾಪನೆಯಾದ ಅಹಮದಾಬಾದ್ ಐಐಎಂಗೆ ಹಾರ್ವರ್ಡ್, ಕಲ್ಕತ್ತ ಐಐಎಂಗೆ ಎಂಐಟಿಯ ಸ್ಲೋನ್ ಸ್ಕೂಲ್ ನೆರವಾದವು. ಬೆಂಗಳೂರು ಐಐಎಂನಲ್ಲಿ ಪಾಠ ಹೇಳಿದ ಪ್ರಸನ್ನ ಚಂದ್ರ ಅವರ ಹಣಕಾಸು ನಿರ್ವಹಣೆಯ ಪುಸ್ತಕವೂ ದೇಶದಾದ್ಯಂತ ತರಗತಿಗಳನ್ನು ಮುಟ್ಟಿತು.

ಇಂದಿನ ಪುಸ್ತಕಗಳ ಕಿರು ಕೇಸ್‌ಗಳು ಈ ಎರಡು ಪರಂಪರೆಗಳ ನಡುವಿನ ರಾಜಿ. ಅವುಗಳಲ್ಲಿ ಬೇಕಾದ ಅಂಕಿಗಳೆಲ್ಲ ಸಾಮಾನ್ಯವಾಗಿ ಮೊದಲೇ ಸಿದ್ಧವಾಗಿರುತ್ತವೆ. ಯಾವ ಅಂಕಿಯನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವ ಹೊರೆ ವಿದ್ಯಾರ್ಥಿಯ ಮೇಲೆ ಬೀಳುವುದಿಲ್ಲ. ಹಳೆಯ ಕೇಸ್ ಪದ್ಧತಿ ಕಲಿಸಲು ಹೊರಟದ್ದು ಮುಖ್ಯವಾಗಿ ಅದನ್ನೇ.